ಪೊರಕೆಯಮ್ಮನ ಅಹವಾಲು

ಆಯುಧಪೂಜೆಯಂದು ಕಾರಿಗೆ ಬೂದುಗುಂಬಳ, ಸ್ಕೂಟರಿಗೆ ನಿಂಬೆಹಣ್ಣು, ಲ್ಯಾಪ್‌ಟಾಪಿಗೆ ಕುಂಕುಮ ಯಥಾವಿಧಿ ಸಂದವು. ಅದಕ್ಕೆ ಹಿಂದಿನ ವಾರವೆಲ್ಲ ಅಟ್ಟದಿಂದ ಅಡುಗೆಮನೆಯವರೆಗೆ ಓಡಾಡಿ ಸವೆದ ಪೊರಕೆ ಮಾತ್ರ ಬಾಗಿಲ ಹಿಂದಿನ ತನ್ನ ಮೂಲಸ್ಥಾನದಲ್ಲಿಯೇ ಉಳಿಯಿತು. ಮನೆಗೆಲಸದವರು ಲಿಫ್ಟನ್ನು ಬಳಸಕೂಡದೆಂದು ನಮ್ಮ ಕಟ್ಟಡದ ನಿವಾಸಿಗಳ ಸಂಘ ಲಿಫ್ಟಿಗೆ ಅಂಟಿಸಿದ್ದ ಪ್ರಕಟಣೆಯ ಗದ್ದಲವಿನ್ನೂ ಆರದಿರುವಾಗ (ಬೆಂಗಳೂರಿನಲ್ಲಿ ಬಹುಮಹಡಿಯ ವಾಸವನ್ನು ಕೈಗೊಂಡವರೆಲ್ಲರೂ ಅಂಥದೊಂದನ್ನು ಓದಿಯೇ ಇರುತ್ತಾರೆ) ಗೃಹಶುಚಿತ್ವದ ವಿಷಯದಲ್ಲಿ ಅಧಿಕಾರವಾಣಿಯಿಂದ ನುಡಿಯಬಲ್ಲವಳು ಪೊರಕೆಯಮ್ಮನೊಬ್ಬಳೇ ಎಂದು ನಿಶ್ಚಯಿಸಿ, ಬಾಗಿಲನ್ನು ಮೆಲ್ಲನೆ ಸರಿಸಿ, ವಂದಿಸಿ ನಿಂತೆನು.

— ಅಮ್ಮಾ, ತಮ್ಮ ಪೂರ್ವೋತ್ತರ?

“ಮೇಘಾಲಯದ ಗುಡ್ಡದ ಹುಲ್ಲು, ಸ್ವಾಮಿ. ಹೂಗೊಂಚಲು ಸಹಿತ ಕೊಯ್ದು, ಒಣಗಿಸಿ, ಕಟ್ಟಿ, ಲಾರಿ ಹತ್ತಿಸಿದರು. ತೆಂಗಿನ ಕಡ್ಡಿಯವಳು ಅಂಗಳದ ಒಡತಿಯಾಗಬೇಕಾದವಳು. ಅಂಗಳವೇ ಇಲ್ಲದ ಈ ಮನೆಯಲ್ಲಿ ಬಚ್ಚಲು ಸೇರಿದ್ದಾಳೆ. ಬಂದ ಹೊಸತರಲ್ಲಿ ನಾನು ಹೊಟ್ಟು ಉದುರಿಸುತ್ತೇನೆಂದು ಆಕ್ಷೇಪಿಸಿದರು. ಕೊಂಡ ದಿನವೇ ಹೊರಗೊಯ್ದು ಗೋಡೆಗೆ ನಾಲ್ಕು ಸಲ ಬಡಿದಿದ್ದರೆ ಮುಗಿಯುತ್ತಿತ್ತು. ಹೋಗಲಿ, ನನ್ನ ದೂರು ಅದಲ್ಲ.”

— ದೂರಿಗೆ ಬರುವ ಮುನ್ನ ಒಂದು ಮಾತು. ಮನೆಗಳಲ್ಲಿ ಧೂಳು ನೆಲೆಸುವುದಕ್ಕೆ ಸಭೆಸಮಾರಂಭಗಳಲ್ಲಿ ದಯಪಾಲಿಸುವ ಸ್ಮರಣಿಕೆಗಳೇ ಮೂಲಕಾರಣವೆಂಬುದು ನನ್ನ ಬಹುಕಾಲದ ಸಿದ್ಧಾಂತ. ಗಾಜಿನ ಗೂಡಿನೊಳಗಿನ ವೀಣೆ, ಚಿನ್ನದ ಬಣ್ಣದ ಸರಸ್ವತಿ, ಹೆಸರು ತಪ್ಪಾಗಿ ಕೊರೆದ ಫಲಕ! ಸರ್ಕಾರಿ ಸಮಾರಂಭಗಳಲ್ಲಿ ಹಾರ, ಶಾಲು, ಸ್ಮರಣಿಕೆಗಳನ್ನು ಕೈಬಿಟ್ಟು ಕನ್ನಡ ಪುಸ್ತಕ ಕೊಡಿರೆಂದು 2021ರಲ್ಲಿ ಆದೇಶವೇ ಹೊರಟಿತು; ಆದರೂ…

“ಷೋಕೇಸು ಧೂಳುಬಟ್ಟೆಯ ಸೀಮೆ. ನನ್ನದು ನೆಲ. ಆ ನೆಲವೆಲ್ಲಿ ಕಾಣುತ್ತಿದೆ, ತೋರಿಸಿ ನೋಡೋಣ! ‘ಸದ್ಯಕ್ಕೆ ಇಲ್ಲಿರಲಿ’ ಎನ್ನುತ್ತ ಈ ಮನೆಯವರು ಕೆಳಗಿಟ್ಟ ವಸ್ತುವೊಂದೂ ಮತ್ತೆ ಮೇಲೆದ್ದುದನ್ನು ನಾನು ಕಾಣೆ. ಊರಿನಿಂದ ಬಂದ ತೆಂಗಿನಕಾಯಿಯ ಮೂಟೆ, ಇಸ್ತ್ರಿಗೆ ಹೋಗಬೇಕಾದ ಬಟ್ಟೆಗಂಟು, ಸಾಮಾನು ಹಿಂದಿರುಗಿಸಬೇಕಾದೀತೆಂದು ಉಳಿಸಿಕೊಂಡ ರಟ್ಟಿನ ಪೆಟ್ಟಿಗೆ, ಮುಚ್ಚಳ ಸಿಕ್ಕೀತೆಂಬ ಭರವಸೆಯಿಂದ ಕಾಪಾಡಿದ ಮಿಕ್ಸಿಯ ಜಾರು! ಇವನ್ನು ದಿನವೂ ಎತ್ತಿ ಗುಡಿಸಬೇಕು. ಇಲ್ಲವೇ ಸುತ್ತ ಗುಡಿಸಬೇಕು. ಸುತ್ತ ಗುಡಿಸಿದರೆ ಕಸ ಅವುಗಳ ಬುಡಕ್ಕೆ ಸೇರುತ್ತದೆ. ಫ್ಯಾನಿನಡಿ ನಿಂತು ಬಾಚಿದ ತಲೆಯ ಕೂದಲು ಅಲ್ಲಿಗೇ ಹಾರಿ ಬಂದು ಅದನ್ನೆಲ್ಲ ಹೆಣೆದು ಉಂಡೆಗಟ್ಟುತ್ತದೆ. ಅದರ ಮೇಲೆಯೇ ಒದ್ದೆಬಟ್ಟೆ ಎಳೆದರೆ ಧೂಳು ಕೆಸರಾಗಿ ಟೈಲ್ಸಿನ ಸಂದಿಗಿಳಿದು ಕಪ್ಪಾಗುತ್ತದೆ. ಆಮೇಲೆ ‘ಎಷ್ಟು ಒರೆಸಿದರೂ ಹೋಗುವುದಿಲ್ಲ’ ಎಂದು ಗೊಣಗುತ್ತ ಆಸಿಡ್ ತರುತ್ತಾರೆ. ಇನ್ನು ಆ ಸೋಫಾ! ನಾನು ನುಗ್ಗಲಾರದಷ್ಟು ತಗ್ಗು, ಧೂಳು ನುಗ್ಗುವಷ್ಟು ಎತ್ತರ. ಅದನ್ನು ಅಳೆದು ಮಾಡಿದ ಮಹಾನುಭಾವನನ್ನು ಒಮ್ಮೆ ಅದರಡಿ ಮಲಗಿಸಬೇಕು.”

— ದೀಪ ಹಚ್ಚಿದ ಮೇಲೆ ಗುಡಿಸಿದರೆ ಲಕ್ಷ್ಮಿ ಹೊರಟುಹೋಗುವಳೆಂದೂ, ತಮ್ಮನ್ನು ತುಳಿಯಬಾರದೆಂದೂ, ತಲೆಕೆಳಗಾಗಿ ನಿಲ್ಲಿಸಬಾರದೆಂದೂ ಹಿರಿಯರು…

“ಮಂಚದಡಿಯ ಸೂಟ್‌ಕೇಸುಗಳ ಮಾತನ್ನು ನಾನಿನ್ನೂ ಆಡಿಲ್ಲ.”

— ಆಗಲಿ. ತಾನಾಗಿಯೇ ತಿರುಗಾಡಿ ಗುಡಿಸುವ ದುಂಡನೆಯ ಯಂತ್ರವೊಂದು ಈ ಮನೆಗೆ ಬಂದಿತಲ್ಲ, ತಮಗೆ ಅಸೂಯೆಯಾಗಲಿಲ್ಲವೆ?

“ಅದು ಬಂದ ದಿನ ಏನಾಯಿತು ಗೊತ್ತೆ? ಯಂತ್ರ ಸಿಕ್ಕಿಕೊಂಡೀತೆಂದು ಯಜಮಾನರು ತಾವೇ ಬಗ್ಗಿ ಚಪ್ಪಲಿ ಎತ್ತಿಟ್ಟರು. ಮಕ್ಕಳು ಆಟಿಕೆ ಆಯ್ದರು. ತೆಂಗಿನಕಾಯಿ ಮೂಟೆ ಬಾಲ್ಕನಿಗೆ ನಡೆಯಿತು. ಚಾರ್ಜರಿನ ತಂತಿಗಳೆಲ್ಲ ಸುರುಳಿ ಸುತ್ತಿಕೊಂಡವು. ಅರ್ಧ ಗಳಿಗೆಯಲ್ಲಿ ನೆಲವೆಲ್ಲ ತೆರವು. ಆಗದ ಕೆಲಸವೇನೂ ಅಲ್ಲ ಅದು, ಸ್ವಾಮಿ! ಮರುದಿನ ಬೆಳಗ್ಗೆ ಬೇರೆ ಮನೆಗಳನ್ನು ಮುಗಿಸಿ ಮನೆಗೆಲಸದಾಕೆ ಬಂದಳು. ಆಕೆಗೆ ಯಾರು ಏನನ್ನು ಎತ್ತಿದರು? ಮೊಬೈಲಿನಿಂದ ಕಣ್ಣು ಕೀಳದೆ ಎರಡು ಕಾಲುಗಳನ್ನು ಸೋಫಾದ ಮೇಲೆತ್ತಿಕೊಂಡರು, ಅಷ್ಟೆ. ಫ್ಯಾನ್ ಆರಿಸಿ ಎಂದರೆ ಸೆಕೆ. ಗುಡ್ಡೆ ಮಾಡಿದ ಕಸ ಹಾರುತ್ತದೆ, ಆಕೆ ಮತ್ತೆ ಬಗ್ಗುತ್ತಾಳೆ. ನನ್ನ ಹಿಡಿ ಇಷ್ಟು ಗಿಡ್ಡವೇಕೆಂದು ಒಬ್ಬರಾದರೂ ಕೇಳಿದ್ದಾರೆಯೆ? ಬಗ್ಗುವ ಬೆನ್ನು ತಮ್ಮದಾಗಿದ್ದರೆ ಎಂದೋ ಉದ್ದದ ಕೋಲು ಕಟ್ಟಿಸುತ್ತಿದ್ದರು. ಮನೆಗೆಲಸಕ್ಕೆ ಕನಿಷ್ಠ ವೇತನವನ್ನು 2004ರಲ್ಲಿಯೇ ಗೊತ್ತುಪಡಿಸಿದ ರಾಜ್ಯವಂತೆ ಇದು; ಆ ದರವೆಷ್ಟೆಂದು ಈ ಕಟ್ಟಡದಲ್ಲಿ ವಿಚಾರಿಸಿ ಬನ್ನಿ. ಮನೆಗೆಲಸದವರಿಗಾಗಿ ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 2011ರಲ್ಲಿ ಮಾಡಿದ ಒಡಂಬಡಿಕೆಯನ್ನು ದೇಶವಿನ್ನೂ ಅನುಮೋದಿಸಿಲ್ಲ. ಈಗ ಲಿಫ್ಟೂ ಬೇಡವಂತೆ!”

ಈ ಮಾತಿಗೆ ಪ್ರಶ್ನೆಯನ್ನು ಜೋಡಿಸುವುದು ನನ್ನಿಂದಾಗಲಿಲ್ಲ. ಆಕೆ ಬೆಳಗಿದ ತಟ್ಟೆಯಲ್ಲಿ ಉಣ್ಣಬಹುದು, ಆಕೆ ಒರೆಸಿದ ದೇವರ ಕೋಣೆಯಲ್ಲಿ ಮಣೆ ಹಾಕಿ ಕುಳಿತು ಪೂಜಿಸಬಹುದು, ಆದರೆ ಆಕೆಯ ಪಕ್ಕದಲ್ಲಿ ಮೂರು ಮಹಡಿಗಳ ಕಾಲ ನಿಲ್ಲಲಾಗದು ಎಂಬುದು ಶುಚಿತ್ವವಲ್ಲ, ಅದು ಅಸ್ಪೃಶ್ಯತೆ. ಸಂಘದ ಮೊಹರು ಬಿದ್ದ ಮಾತ್ರಕ್ಕೆ ಅದರ ಜಾತಕ ಬದಲಾಗದು.

— ಅಮ್ಮಾ, ಹೊರಡುವ ಮುನ್ನ, ಆ ಸ್ಮರಣಿಕೆಗಳ ವಿಚಾರವಾಗಿ ತಮ್ಮ ಅಭಿಪ್ರಾಯವನ್ನು…

“ಬಿಡಲಾರಿರಿ ನೀವು! ಸರಿ, ಕೇಳಿ. ಹೋದ ವರ್ಷ ಯಾವುದೋ ಸಭೆಯಲ್ಲಿ ಯಜಮಾನರಿಗೆ ಕೊಟ್ಟ ಗ್ರಾನೈಟಿನ ಫಲಕವನ್ನು ಆಕೆ ಷೋಕೇಸಿನಿಂದಿಳಿಸಿ, ಗಾಳಿಗೆ ಬಡಿದುಕೊಳ್ಳುವ ಬಾಲ್ಕನಿ ಬಾಗಿಲಿಗೆ ಅಡ್ಡ ಕೊಟ್ಟಿದ್ದಾಳೆ. ಅಂದಿನಿಂದ ಬಾಗಿಲು ಸದ್ದು ಮಾಡಿಲ್ಲ. ಯಜಮಾನರಿಗೆ ಇದುವರೆಗೂ ಗೊತ್ತಾಗಿಲ್ಲ.”