ಮತದಾರ ಬಾಂಧವರ ಮೊಬೈಲು

ಎಲೆಕ್ಷನ್ ಬಂತೆಂದರೆ ನಮ್ಮೂರು ತೆಲಸಂಗದಲ್ಲಿ ಎಲ್ಲರ ಫೋನಿಗೂ ನೆಂಟರು ಹೆಚ್ಚುತ್ತಾರೆ. ಮಗಳ ಮದುವೆಗೆ ಕರೆದರೂ ಬಾರದವರು ಬೆಳಕು ಹರಿಯುವುದರೊಳಗೆ ‘ಆತ್ಮೀಯ ಮತದಾರ ಬಾಂಧವರೇ’ ಎಂದು ಹಾಜರು. 2023ರ ಮೇ 10ಕ್ಕೆ ವಿಧಾನಸಭೆ, 2024ರ ಮೇ 7ಕ್ಕೆ ಚಿಕ್ಕೋಡಿ ಲೋಕಸಭೆ. ಎರಡೂ ಸಲ ನೆತ್ತಿಯ ಮೇಲೆ ಬಿಸಿಲು, ಕಿಸೆಯೊಳಗೆ ಮೆಸೇಜು.

ನಮ್ಮ ನಂಬರು ಇವರಿಗೆ ಕೊಟ್ಟವರಾರು? ಯಾವುದೋ ಅಂಗಡಿಯ ಲಕ್ಕಿ ಡ್ರಾ ಚೀಟಿಯ ಮೇಲೆ ಬರೆದದ್ದುಂಟು. ಮಿಕ್ಸರ್ ಬರಲಿಲ್ಲ, ಅಭ್ಯರ್ಥಿಗಳು ಬಂದರು.

2024ರ ಮಾರ್ಚಿನಲ್ಲಂತೂ ‘ವಿಕಸಿತ ಭಾರತ ಸಂಪರ್ಕ’ದ ಹೆಸರಲ್ಲಿ ಪ್ರಧಾನಿಯವರ ಪತ್ರವೇ ವಾಟ್ಸಾಪಿನಲ್ಲಿ ದೇಶವೆಲ್ಲ ಓಡಾಡಿತು. ನೀತಿ ಸಂಹಿತೆ ಬಂದಮೇಲೂ ಬರುತ್ತಿದೆಯೆಂದು ದೂರು ಹೋಗಿ, 21ರಂದು ಚುನಾವಣಾ ಆಯೋಗ ‘ನಿಲ್ಲಿಸಿ’ ಎಂದಿತು. ಕಳಿಸಿದ್ದು ಮೊದಲೇ, ನೆಟ್‌ವರ್ಕಿನಿಂದಾಗಿ ಕೆಲವು ತಡವಾಗಿ ಮುಟ್ಟಿರಬಹುದು ಎಂಬುದು ಐಟಿ ಸಚಿವಾಲಯದ ಸಮಜಾಯಿಷಿ. ನೆಟ್‌ವರ್ಕಿಗಾಗಿ ಮಾಳಿಗೆ ಹತ್ತುವ ನಮ್ಮ ಕಡೆಯವರು ಈ ಒಂದು ಮಾತನ್ನು ಪಕ್ಷಭೇದವಿಲ್ಲದೆ ನಂಬಬಹುದು.

ಅಭ್ಯರ್ಥಿಗಳ ಎಸ್ಸೆಮ್ಮೆಸ್ಸಿಗೆ ತಿರುಗಿ ಉತ್ತರ ಹಾಕೋಣವೆಂದರೆ ಆ ಕಡೆ ನಂಬರೇ ಇರುವುದಿಲ್ಲ, ಬರೀ ಇಂಗ್ಲಿಷ್ ಅಕ್ಷರಗಳು. ಹಾಗಾಗಿ ಓಣಿಯ ಕಾಕಾನಿಗೆ ರೆಕಾರ್ಡಿಂಗ್ ಕರೆಗಳ ಮೇಲೆಯೇ ಪ್ರೀತಿ. ದನಿ ಬಂದೊಡನೆ, “ಸಾಹೇಬ್ರ, ಹೊಲದಾಗಿನ ಟಿಸಿ ಸುಟ್ಟೈತ್ರಿ” ಎಂದು ಶುರು. ಆ ಕಡೆಯಿಂದ ಅಭಿವೃದ್ಧಿ, ಈ ಕಡೆಯಿಂದ ಟಿಸಿ, ಇಬ್ಬರೂ ನಿಲ್ಲಿಸುವುದಿಲ್ಲ.

“ಕಾಕಾ, ಅದು ರೆಕಾರ್ಡಿಂಗ್ ಐತ್ರಿ, ಅವರಿಗೆ ಕೇಳ್ಸೂದಿಲ್ಲ.”

“ಗೊತ್ತೈತಿ ತಗೋ. ಗೆದ್ದಮ್ಯಾಲ ಇಷ್ಟರೆ ಎಲ್ಲಿ ಮಾತಾಡ್ತಾರ?”