ಕೇಳಿಸಿತು, ಕೇಳಲಿಲ್ಲ

ಇಂಗ್ಲಿಷಿನ ಹಿಯರ್‌ಗೂ ಲಿಸನ್‌ಗೂ ಏನು ವ್ಯತ್ಯಾಸ ಅಂತ ಮಗಳು ಕೇಳಿದಳು. ಹಿಯರ್ ಅಂದರೆ ತಾನಾಗಿ ಕಿವಿಗೆ ಬೀಳೋದು, ಲಿಸನ್ ಅಂದರೆ ನಾವಾಗಿ ಕಿವಿಗೊಡೋದು ಎಂದೆ. ಹಾಡನ್ನು ಲಿಸನ್ ಮಾಡಬೇಕಾದರೆ ನಡುವೆ ‘ಟು’ ಎಂಬ ಊರುಗೋಲು ಬೇಕು, ಹಿಯರ್‌ಗೆ ಬೇಡ. ಲಿಸನ್ ಹೊಟ್ಟೆಯೊಳಗೆ ಒಂದು ‘ಟಿ’ ಬೇರೆ ಕೂತಿದೆ, ಎಷ್ಟು ಕಿವಿಗೊಟ್ಟರೂ ಕೇಳಿಸದು!

ನಮ್ಮ ಕನ್ನಡ ಉದಾರಿ. ಹಾಡು ಕೇಳು, ದಾರಿ ಕೇಳು, ಸಾಲ ಕೇಳು, ಹಿರಿಯರ ಮಾತು ಕೇಳು. (ಕೊನೆಯದು ಸ್ವಲ್ಪ ಅಪರೂಪ.)

ಮಹಡಿಯಿಂದ ಹೆಂಡತಿಯ ದನಿ: “ರೀ, ಒಲೆ ಮೇಲೆ ಹಾಲಿದೆ, ನೋಡ್ಕೊಳ್ಳಿ ಅಂದಿದ್ದು ಕೇಳಿಸ್ತಾ?”

“ಕೇಳಿಸ್ತು ಕಣೇ!”

ಸುಳ್ಳಲ್ಲ, ಕೇಳಿಸಿತ್ತು. ಅಷ್ಟರಲ್ಲಿ ಸೀದ ವಾಸನೆ ಬಂತು.

“ಅಪ್ಪಾ, ಇದು ಹಿಯರ್ ತಾನೆ?” ಎಂದಳು ಮಗಳು.