ಹೂಂಗುಟ್ಟುವಿಕೆ: ಜಕ್ಕಲಿ ಕಟ್ಟೆಯ ಶ್ರವಣ ಮೀಮಾಂಸೆ

ಕೇಳುವವನು ಬಾಯಿ ಮುಚ್ಚಿಕೊಂಡು, ಮನಸ್ಸನ್ನು ಕಿವಿಯಲ್ಲಿ ಕೂರಿಸಬೇಕೆಂಬ ಮತವೊಂದು ಈಗ ಊರೂರಿಗೂ ಬಂದಿದೆ. ಇದರ ಗುರುಮನೆಗಳಲ್ಲಿ ದೊಡ್ಡದು ಅಮೆರಿಕದ ಮ್ಯಾಸಚೂಸೆಟ್ಸ್. ಅಲ್ಲಿ 1979ರಲ್ಲಿ ಜಾನ್ ಕಬಟ್-ಜಿನ್ ರೋಗಿಗಳಿಗೆ ಸಾವಧಾನದ ತರಬೇತಿ ಶುರುಮಾಡಿದರು. ಆಚಾರ್ಯರಿಗೆ ನಮಸ್ಕರಿಸಿಯೇ ಹೇಳಬೇಕು: ರೋಣ ತಾಲೂಕಿನ ಜಕ್ಕಲಿಯಂಥ ಊರಿನ ಕಟ್ಟೆಗೆ ಇದು ಒಗ್ಗುವುದಿಲ್ಲ. ಅಲ್ಲಿ ಸುಮ್ಮನೆ ಕೂತು ಕೇಳುವವನನ್ನು ನಿದ್ದೆಹೋದವನೆಂದೋ ಬಾಕಿ ಕೊಡಬೇಕಾದವನೆಂದೋ ಎಣಿಸುತ್ತಾರೆ. ಹೂಂ ಇಲ್ಲದ ಶ್ರವಣ ಶ್ರವಣವೇ ಅಲ್ಲ ಎಂಬುದು ಈ ಪ್ರಬಂಧದ ಸಿದ್ಧಾಂತ. ದೇಹರಚನೆಯೇ ಇದಕ್ಕೆ ಸಾಕ್ಷಿ. ಎಲೆ-ಅಡಿಕೆ ಹಾಕಿ, ರಸ ಸೋರದಂತೆ ಗದ್ದ ಮೇಲೆತ್ತಿ, ಕೆಳದುಟಿ ಮುಂದೆ ಚಾಚಿ ಕೂತ ಹಿರಿಯರೂ ಮೂಗಿನಿಂದಲೇ ಹೂಂ ಎನ್ನಬಲ್ಲರು. ಬಾಯಿ ತೆರೆಯದೆ ಹೊರಡುವ ದನಿಯನ್ನು ಸೃಷ್ಟಿಕರ್ತ ಸುಮ್ಮಸುಮ್ಮನೆ ಕೊಟ್ಟಿರಲಾರ.

ಪೂರ್ವಪಕ್ಷದವರು ಕೇಳುತ್ತಾರೆ: ಮೊಬೈಲ್ ತೀಡುತ್ತ ಹೆಂಡತಿಯ ಮಾತಿಗೆ ಹೂಂಗುಟ್ಟುವ ಗಂಡನ ಗತಿಯೇನು? ಆಕ್ಷೇಪ ಗಟ್ಟಿಯದೇ. ಆದರೆ ಖೋಟಾ ನಾಣ್ಯದಿಂದ ಟಂಕಸಾಲೆಗೆ ಕಳಂಕವಿಲ್ಲ. ಕಥೆ ಹೇಳುವ ಅಜ್ಜಿಯರು ಇದರ ಪರೀಕ್ಷೆಯನ್ನು ಎಂದೋ ಕಂಡುಕೊಂಡಿದ್ದಾರೆ. ಹೂಂ ತುಸು ತಡವಾದರೆ, ಇಲ್ಲವೇ ರಾಜಕುಮಾರ ಸತ್ತಾಗಲೂ ಮದುವೆಯಾದಾಗಲೂ ಒಂದೇ ರಾಗದಲ್ಲಿ ಬಂದರೆ, ಅಜ್ಜಿ ತಟ್ಟನೆ ನಿಲ್ಲಿಸಿ, "ಎಲ್ಲಿಗಿ ಬಂದಿನ್ಯೋ?" ಎನ್ನುತ್ತಾಳೆ. ಉತ್ತರ ಬಾರದಿದ್ದರೆ ಕಥೆ ಅಲ್ಲಿಗೇ ಬಂದ್. ಗಂಡನ ಹೂಂ ಈ ಪರೀಕ್ಷೆಯಲ್ಲಿ ನಪಾಸಾಗುತ್ತದೆ, ಹೂಂಕಾರಶಾಸ್ತ್ರವಲ್ಲ.

ಇನ್ನು ಪ್ರಬಲವಾದ ಐತಿಹಾಸಿಕ ಪ್ರಮಾಣ. ಕರ್ನಾಟಕ ಏಕೀಕರಣದ ಬೇಡಿಕೆಯನ್ನು ದಿಲ್ಲಿಯವರು ಕೇಳಲೇ ಇಲ್ಲವೆನ್ನುವುದು ಅನ್ಯಾಯ. ಅವರು ಕೇಳಿದ್ದು ಹೆಚ್ಚು. 1948ರಲ್ಲಿ ಧಾರ್ ಆಯೋಗ ಕೇಳಿತು. ಆಮೇಲೆ ಜವಾಹರಲಾಲ್, ವಲ್ಲಭಭಾಯಿ, ಪಟ್ಟಾಭಿ ಸೀತಾರಾಮಯ್ಯ ಮೂವರ ಸಮಿತಿಯೂ ಕೇಳಿತು. ಪರಮ ಸಾವಧಾನ! ಕೊರತೆ ಬಿದ್ದದ್ದು ಹೂಂಗೆ ಮಾತ್ರ. ಕೊನೆಗೆ 1953ರಲ್ಲಿ ಜಕ್ಕಲಿಯ ಅಂದಾನಪ್ಪ ದೊಡ್ಡಮೇಟಿಯವರು ಶಾಸಕ ಸ್ಥಾನಕ್ಕೆ ರಾಜೀನಾಮೆ ಕೊಟ್ಟು, ತಮ್ಮೂರಲ್ಲೇ ಉಪವಾಸ ಕೂತರು. ಅದರಗುಂಚಿಯಲ್ಲಿ ಶಂಕರಗೌಡ ಪಾಟೀಲರೂ ಅನ್ನ ಬಿಟ್ಟರು. ಅದೇ ವರ್ಷದ ಕೊನೆಗೆ ಫಜಲ್ ಅಲಿ ಆಯೋಗ ನೇಮಕವಾಯಿತು. ಅದನ್ನು ಗಂಟಲು ಸರಿಮಾಡಿಕೊಂಡ ಸದ್ದೆಂದು ಪರಿಗಣಿಸಬಹುದು. ಪೂರ್ತಿ ಹೂಂ ಹೊರಬಿದ್ದದ್ದು 1956ರ ನವೆಂಬರ್ 1ರಂದು. ಮೌನವಾಗಿ ಕೇಳುವವನ ಎದುರು ಹೇಳುವವನು ಹೊಟ್ಟೆ ಕಟ್ಟಬೇಕಾಗುತ್ತದೆ ಎಂಬುದಕ್ಕೆ ಇದಕ್ಕಿಂತ ಪುರಾವೆ ಬೇಕೇ?

ಕಡೆಯ ಆಕ್ಷೇಪ ರೋಣದಿಂದಲೇ ಬರುತ್ತದೆ. ಅಲ್ಲಿ ಹುಟ್ಟಿದ ಭೀಮಸೇನ ಜೋಶಿ ಬಾಲ್ಯದಲ್ಲಿ ಅಬ್ದುಲ್ ಕರೀಂ ಖಾನರ ಗ್ರಾಮಫೋನ್ ತಟ್ಟೆ ಕೇಳಿ ಮರುಳಾದರಲ್ಲ. ತಟ್ಟೆಗೆ ಯಾರು ಹೂಂಗುಟ್ಟುತ್ತಾರೆ? ಯಾರೂ ಇಲ್ಲ, ತೊಡಕಿದ್ದದ್ದೇ ಅಲ್ಲಿ. ಹೊರಡದ ಹೂಂ ಒಳಗೇ ಕುದಿದು, 1933ರಲ್ಲಿ ಹನ್ನೊಂದರ ಹುಡುಗನನ್ನು ಮನೆಬಿಟ್ಟು ಓಡಿಸಿತು. ಗುರುವಿಗಾಗಿ ಗ್ವಾಲಿಯರ್ ಕಡೆಯೆಲ್ಲ ಅಲೆದು ಬಂದಾಗ ಸಿಕ್ಕವರು ಕುಂದಗೋಳದ ಸವಾಯಿ ಗಂಧರ್ವರು, ಅದೇ ಖಾನರ ಶಿಷ್ಯರು. ಮುಂದೆ ದಶಕಗಳ ಕಾಲ ಪುಣೆಯ ಸಭಿಕರು ಜೋಶಿಯವರ ತಾನಿಗೆ "ವಾಹ್ವಾ" ಎನ್ನುತ್ತಲೇ ಬಂದರು. ವಿದ್ವಾಂಸರು ಅದನ್ನು ಹೂಂನ ಪುಣೆ ಪಾಠಾಂತರವೆಂದು ಗುರುತಿಸತಕ್ಕದ್ದು.